ಕಬ್ರೆರಾನೋ ಟ್ರೌಟೋ? 2012ರ ಎಂವಿಪಿ ಜಗಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಸಾಕಷ್ಟಿದ್ದೇವೆ. ಹೊಸದಾಗಿ ಬಂದವರು ಮೊದಲ ಬೇಸಿಗೆಯಲ್ಲಿ ಬೇಸ್‌ಬಾಲ್ ನೋಡಿ ಮೂಗು ಮುರಿಯುತ್ತಾರೆ, ಎರಡನೇ ಬೇಸಿಗೆಯಲ್ಲಿ ಊರಿನ ತಂಡ ಟೈಗರ್ಸ್ ಟೋಪಿ ಹಾಕಿಕೊಳ್ಳುತ್ತಾರೆ, ಮೂರನೆಯದರಲ್ಲಿ ಜಗಳಕ್ಕೇ ಇಳಿಯುತ್ತಾರೆ. ಆ ಜಗಳ ಎಲ್ಲಿಂದ ಶುರುವಾದರೂ ಒಂದಲ್ಲ ಒಂದು ಹಂತದಲ್ಲಿ 2012ಕ್ಕೆ ಬಂದು ನಿಲ್ಲುತ್ತದೆ. ಊಟದ ತಟ್ಟೆ ಹಿಡಿದುಕೊಂಡು ನೂರು ಸಲ ಕೊಟ್ಟ ಉತ್ತರಗಳನ್ನು ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಟೈಗರ್ಸ್ ಕಡೆಯವನು ಎನ್ನುವುದು ಮೊದಲೇ ಗೊತ್ತಿರಲಿ. ಆದರೂ ಕೆಲವು ಉತ್ತರಗಳು ಟೈಗರ್ಸ್ ಕಡೆಯವರಿಗೆ ರುಚಿಸುವುದಿಲ್ಲ.

ಈ ಜಗಳ ಇರುವುದಾದರೂ ಯಾವುದರ ಬಗ್ಗೆ?

ಅಮೆರಿಕದ ದೊಡ್ಡ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ 2012ರಲ್ಲಿ ಇಬ್ಬರು ಆಟಗಾರರು ಒಂದೇ ವರ್ಷ ಅಪರೂಪದ ಆಟ ಆಡಿಬಿಟ್ಟರು. ಒಬ್ಬ ಡೆಟ್ರಾಯಿಟ್ ಟೈಗರ್ಸ್‌ನ ಮಿಗೆಲ್ ಕಬ್ರೆರಾ. ವೆನೆಜುವೆಲಾದವನು, ಆಗ 29 ವರ್ಷ, ದೈತ್ಯ ದೇಹ, ಬ್ಯಾಟು ಬೀಸಿದರೆ ಚೆಂಡು ಬೇಲಿಯಾಚೆ. ಇನ್ನೊಬ್ಬ ಲಾಸ್ ಏಂಜಲೀಸ್ ಏಂಜಲ್ಸ್‌ನ ಮೈಕ್ ಟ್ರೌಟ್. ನ್ಯೂಜೆರ್ಸಿಯ ಹುಡುಗ, ಅದೇ ಆಗಸ್ಟ್ 7ಕ್ಕೆ 21 ತುಂಬಿತ್ತು, ಅದು ಅವನ ಮೊದಲ ಪೂರ್ಣ ಸೀಸನ್.

ಕಬ್ರೆರಾ ತ್ರಿವಳಿ ಕಿರೀಟ ಗೆದ್ದ. 45 ವರ್ಷಗಳಿಂದ ಯಾರ ಕೈಗೂ ಸಿಗದ ಕಿರೀಟ ಅದು. ಟ್ರೌಟ್ ಬ್ಯಾಟಿಂಗು, ಓಟ, ಫೀಲ್ಡಿಂಗು ಮೂರರಲ್ಲೂ ಮಿಂಚಿದ. ಕಬ್ರೆರಾನ ತಂಡ ಕೊನೆಯ ಎರಡು ವಾರಗಳಲ್ಲಿ ಹಿಂದಿನಿಂದ ಬಂದು ಪ್ಲೇಆಫ್ ಸೇರಿತು, ಟ್ರೌಟ್‌ನ ತಂಡ ಹೊರಗುಳಿಯಿತು. ಹಾಗಾದರೆ ‘ಅತ್ಯಂತ ಮೌಲ್ಯಯುತ ಆಟಗಾರ’ ಎಂಬ ಪ್ರಶಸ್ತಿ, ಅಂದರೆ ಎಂವಿಪಿ, ಯಾರಿಗೆ ಸಲ್ಲಬೇಕಿತ್ತು? ಜಗಳ ಇಷ್ಟೇ. ಹದಿನೈದು ವರ್ಷ ಹತ್ತಿರವಾಗುತ್ತಾ ಬಂದರೂ ಮುಗಿದಿಲ್ಲ.

ತ್ರಿವಳಿ ಕಿರೀಟ ಅಂದರೇನು?

ಒಂದೇ ಸೀಸನ್‌ನಲ್ಲಿ ಲೀಗ್‌ನ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ, ಅತಿ ಹೆಚ್ಚು ಹೋಮ್ ರನ್, ಅತಿ ಹೆಚ್ಚು ಆರ್‌ಬಿಐ ಮೂರೂ ಒಬ್ಬನದೇ ಆಗಬೇಕು. ಕಬ್ರೆರಾನ ಲೆಕ್ಕ .330, 44, 139. ಅವನಿಗಿಂತ ಹಿಂದೆ ಇದನ್ನು ಸಾಧಿಸಿದವನು ಬಾಸ್ಟನ್‌ನ ಕಾರ್ಲ್ ಯಸ್ಟ್ರೆಮ್‌ಸ್ಕಿ, 1967ರಲ್ಲಿ.

ಈ ಕಿರೀಟ ಎಷ್ಟು ತೆಳುವಾದ ದಾರದಲ್ಲಿ ತೂಗಾಡುತ್ತಿತ್ತು ಅನ್ನುವುದನ್ನು ಮರೆಯುತ್ತೇವೆ. ಸೀಸನ್‌ನ ಕೊನೆಯ ದಿನ ನ್ಯೂಯಾರ್ಕ್ ಯಾಂಕೀಸ್‌ನ ಕರ್ಟಿಸ್ ಗ್ರಾಂಡರ್ಸನ್ ಎರಡು ಹೋಮ್ ರನ್ ಹೊಡೆದು 43ಕ್ಕೆ ಬಂದ. ಟೆಕ್ಸಸ್‌ನ ಜಾಶ್ ಹ್ಯಾಮಿಲ್ಟನ್ ಆಗಲೇ 43ರಲ್ಲಿದ್ದ. ಇಬ್ಬರಲ್ಲಿ ಒಬ್ಬ ಇನ್ನೆರಡು ಹೊಡೆದಿದ್ದರೆ ಕಿರೀಟವೂ ಇಲ್ಲ, ಈ ಪುಟವೂ ಇಲ್ಲ. ಕಬ್ರೆರಾ ಅದೇ ಆಟ ಆಡಿರುತ್ತಿದ್ದ, ಅಷ್ಟೇ ರನ್ ತಂದಿರುತ್ತಿದ್ದ. ನ್ಯೂಯಾರ್ಕ್‌ನಲ್ಲಿ ಇನ್ನೊಬ್ಬ ಏನು ಮಾಡಿದ ಎನ್ನುವುದರಿಂದ ಡೆಟ್ರಾಯಿಟ್‌ನವನ ಮೌಲ್ಯ ಹೇಗೆ ಬದಲಾದೀತು? ಟ್ರೌಟ್ ಕಡೆಯವರ ಒಳ್ಳೆಯ ವಾದಗಳಲ್ಲಿ ಇದೊಂದು.

ನಾನು ಕ್ರಿಕೆಟ್ ನೋಡಿ ಬೆಳೆದವನು. ಈ .330 ಎಲ್ಲ ಹೇಗೆ ಓದುವುದು?

ಬ್ಯಾಟಿಂಗ್ ಸರಾಸರಿ ಅಂದರೆ ಬ್ಯಾಟಿಗೆ ಬಂದ ಲೆಕ್ಕದಲ್ಲಿ ಎಷ್ಟು ಸಲ ಹಿಟ್ ಆಯಿತು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಎಂಬ ನಿಲ್ದಾಣ ಸೇರಿದ, ಎಂಬುದರ ಭಾಗಲಬ್ಧ. .330 ಅಂದರೆ ನೂರಕ್ಕೆ 33. ನಮ್ಮ ಕ್ರಿಕೆಟ್ ಕಣ್ಣಿಗೆ ಇದು ದಯನೀಯ. ಮೂರರಲ್ಲಿ ಎರಡು ಸಲ ಔಟಾಗುವವನನ್ನು ಹೊತ್ತು ಮೆರೆಸುವುದೇ? ಆದರೆ ಇಲ್ಲಿ ಗಂಟೆಗೆ 95 ಮೈಲಿ ವೇಗದ ಚೆಂಡನ್ನು ದುಂಡನೆಯ ಬ್ಯಾಟಿನಿಂದ, ಅದೂ ಮುಂದಿನ ಕಾಲುಭಾಗದ ಅಂಗಳದೊಳಗೇ ಹೊಡೆಯಬೇಕು. ಹಿಂದೆ ಗ್ಲಾನ್ಸ್ ಮಾಡಿ ಬದುಕುವ ದಾರಿ ಇಲ್ಲ.

ಹೋಮ್ ರನ್ ನಮ್ಮ ಸಿಕ್ಸರ್‌ನ ದೊಡ್ಡಣ್ಣ. ಆರ್‌ಬಿಐ ಅಂದರೆ ಈ ಬ್ಯಾಟರ್‌ನ ಹೊಡೆತದಿಂದ ಬೇಸುಗಳನ್ನೆಲ್ಲ ಸುತ್ತಿ ಮನೆ ಮುಟ್ಟಿ ರನ್ ಗಳಿಸಿದ ಓಟಗಾರರ ಸಂಖ್ಯೆ. ಬೇಸ್ ಕದಿಯುವುದು ಅಂದರೆ ಪಿಚರ್ ಚೆಂಡು ಬಿಡುವ ಹೊತ್ತಿಗೆ ಮುಂದಿನ ಬೇಸಿಗೆ ಓಡಿಬಿಡುವುದು. ಇಷ್ಟು ಸಾಕು.

ಇಬ್ಬರ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ?

ಕಬ್ರೆರಾ 161 ಪಂದ್ಯ ಆಡಿದ. .330 ಸರಾಸರಿ, 205 ಹಿಟ್, 44 ಹೋಮ್ ರನ್, 139 ಆರ್‌ಬಿಐ, ಅವನೇ ಓಡಿ ಮುಗಿಸಿದ ರನ್ 109. ಟ್ರೌಟ್ 139 ಪಂದ್ಯ. .326 ಸರಾಸರಿ, 30 ಹೋಮ್ ರನ್, 83 ಆರ್‌ಬಿಐ, 129 ರನ್, ಜತೆಗೆ 49 ಬೇಸ್ ಕದ್ದ, ಸಿಕ್ಕಿಬಿದ್ದದ್ದು ಐದೇ ಸಲ. ಬೇಸ್ ತಲುಪುವ ಪ್ರಮಾಣದಲ್ಲಿ ಹುಡುಗ ಒಂದು ಕೂದಲೆಳೆ ಮುಂದೆ, .399ಕ್ಕೆ ಎದುರು .393. ಹೊಡೆತದ ಬಲದಲ್ಲಿ ಕಬ್ರೆರಾ ಮುಂದೆ, .606ಕ್ಕೆ ಎದುರು .564.

ಇಲ್ಲಿ ಒಂದು ಸಣ್ಣ ಅಂಕಿ ಇದೆ, ಯಾರೂ ಎತ್ತುವುದಿಲ್ಲ, ನನಗೆ ಮಾತ್ರ ಬಹಳ ಇಷ್ಟ. ಆ ವರ್ಷ ಕಬ್ರೆರಾ ಡಬಲ್ ಪ್ಲೇಗೆ ಸಿಕ್ಕಿಹಾಕಿಕೊಂಡದ್ದು 28 ಸಲ, ಅಂದರೆ ತಾನೂ ಔಟಾಗಿ ಬೇಸ್ ಮೇಲಿದ್ದವನನ್ನೂ ಔಟು ಮಾಡಿಸಿದ್ದು. ನಿಧಾನವಾಗಿ ಓಡುವವನು ನೆಲದ ಮೇಲೆ ಬಲವಾಗಿ ಹೊಡೆದರೆ ಆಗುವುದೇ ಹೀಗೆ. ಈ 28 ಯಾವ ಕಿರೀಟದಲ್ಲೂ ಕಾಣುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ನಿಜಕ್ಕೂ ಏನಾಯಿತು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಜಗಳದ ಬೇರು ಇಲ್ಲಿದೆ.

ಟೈಗರ್ಸ್ ಆ ವರ್ಷ ತನ್ನ ಡಿವಿಷನ್, ಅಂದರೆ ಲೀಗ್‌ನೊಳಗಿನ ತನ್ನ ಗುಂಪನ್ನು, ಗೆದ್ದೇ ಗೆಲ್ಲುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಪ್ರಿನ್ಸ್ ಫೀಲ್ಡರ್‌ನನ್ನು ಒಂಬತ್ತು ವರ್ಷಕ್ಕೆ 214 ಮಿಲಿಯನ್ ಡಾಲರ್ ಕೊಟ್ಟು ತಂದಿದ್ದರು, ಪಿಚಿಂಗ್‌ಗೆ ಜಸ್ಟಿನ್ ವರ್ಲ್ಯಾಂಡರ್ ಇದ್ದ. ಆದರೂ ಬೇಸಿಗೆಯಿಡೀ ತಂಡ ಕುಂಟುತ್ತಾ ಸಾಗಿತು. ಸೆಪ್ಟೆಂಬರ್ 17ಕ್ಕೆ ಅದೇ ಡಿವಿಷನ್‌ನ ಶಿಕಾಗೋ ವೈಟ್ ಸಾಕ್ಸ್ ಮೂರು ಪಂದ್ಯ ಮುಂದಿತ್ತು, ಉಳಿದದ್ದು ಹದಿನೈದು ಪಂದ್ಯ. ಅಂದು ಮಳೆಯಿಂದ ಮುಂದಕ್ಕೆ ಹೋಗಿದ್ದ ಪಂದ್ಯವನ್ನು ಶಿಕಾಗೋದಲ್ಲಿ ಸೋತು ಬಂದಿದ್ದರು. ಆಫೀಸಿನಲ್ಲಿ ಮರುದಿನ ಯಾರೂ ಆಟದ ಮಾತೇ ಎತ್ತಲಿಲ್ಲ.

ಅಲ್ಲಿಂದ ಮುಂದೆ ವೈಟ್ ಸಾಕ್ಸ್ ಹದಿನೈದರಲ್ಲಿ ಗೆದ್ದದ್ದು ನಾಲ್ಕು. ಟೈಗರ್ಸ್ ಗೆದ್ದದ್ದು ಹತ್ತು. ಅಕ್ಟೋಬರ್ 1ರಂದು ಕನ್ಸಾಸ್ ಸಿಟಿಯಲ್ಲಿ ಡಿವಿಷನ್ ಪಟ್ಟ ಖಚಿತವಾಯಿತು. ಕಬ್ರೆರಾನ 44ನೇ ಹೋಮ್ ರನ್ ಬಂದದ್ದೂ ಆ ರಾತ್ರಿಯೇ. ಸೆಪ್ಟೆಂಬರ್‌ನಿಂದ ಕೊನೆಯವರೆಗೆ ಅವನು 11 ಹೋಮ್ ರನ್ ಹೊಡೆದಿದ್ದ. ಅಕ್ಟೋಬರ್ 3, ಕೊನೆಯ ಪಂದ್ಯ. ಕಿರೀಟ ಖಾತ್ರಿಯಾಗುತ್ತಿದ್ದಂತೆ ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಅವನನ್ನು ಹೊರಗೆ ಕರೆದರು. ಎದುರಾಳಿ ಊರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಹೆಲ್ಮೆಟ್ ಎತ್ತಿ ತೋರಿಸಿದ. ಆ ದೃಶ್ಯ ನೋಡಿದವರಿಗೆ ಆಮೇಲೆ ಯಾವ ಲೆಕ್ಕ ಹೇಳಿದರೂ ಕಿವಿಗೆ ಬೀಳುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ.

ಇತ್ತ ಟ್ರೌಟ್ ಸೆಪ್ಟೆಂಬರ್‌ನಿಂದಾಚೆಗೆ .289. ಕೆಟ್ಟದ್ದೇನಲ್ಲ, ಬೇಸ್ ತಲುಪುವುದನ್ನು ಬಿಟ್ಟಿರಲಿಲ್ಲ. ಆದರೆ ಜುಲೈವರೆಗೆ ನೋಡಿದ ಹುಡುಗ ಅಲ್ಲ ಎನ್ನುವುದು ಎಲ್ಲರಿಗೂ ಕಾಣುತ್ತಿತ್ತು.

ಹಾಗಾದರೆ ಟೈಗರ್ಸ್ ಏಂಜಲ್ಸ್‌ಗಿಂತ ಒಳ್ಳೆಯ ತಂಡವಾಗಿತ್ತು, ಅಲ್ಲವೇ?

ಇಲ್ಲಿಯೇ ಎಲ್ಲರೂ ಎಡವುವುದು. ಟೈಗರ್ಸ್ ಗೆದ್ದದ್ದು 88, ಏಂಜಲ್ಸ್ ಗೆದ್ದದ್ದು 89. ಮನೆಗೆ ಹೋದ ತಂಡ ಪ್ಲೇಆಫ್ ಆಡಿದ ತಂಡಕ್ಕಿಂತ ಒಂದು ಪಂದ್ಯ ಹೆಚ್ಚು ಗೆದ್ದಿತ್ತು!

ಕಾರಣ ಡಿವಿಷನ್. ಟೈಗರ್ಸ್ ಇದ್ದ ಸೆಂಟ್ರಲ್‌ನಲ್ಲಿ ವೈಟ್ ಸಾಕ್ಸ್ ಬಿಟ್ಟರೆ ಮಿಕ್ಕ ಮೂರು ತಂಡಗಳು 72, 68, 66 ಗೆದ್ದು ಸುಮ್ಮನಾದವು. ಏಂಜಲ್ಸ್ ಇದ್ದ ವೆಸ್ಟ್‌ನಲ್ಲಿ ಓಕ್ಲ್ಯಾಂಡ್ 94, ಟೆಕ್ಸಸ್ 93. ತಂಡಗಳು ತಮ್ಮ ಡಿವಿಷನ್‌ನೊಳಗೇ ಹೆಚ್ಚು ಆಡುವುದರಿಂದ ಏಂಜಲ್ಸ್‌ಗೆ ದಾರಿಯೂ ಕಠಿಣವಿತ್ತು. ಡಿವಿಷನ್ ಗೆಲ್ಲದವರಿಗೂ ಪ್ಲೇಆಫ್ ಜಾಗ ಕೊಡುವ ವೈಲ್ಡ್ ಕಾರ್ಡ್ ಎರಡಾದ ಮೊದಲ ವರ್ಷ ಅದು, ಅದೂ ಸಿಗಲಿಲ್ಲ. ಬಾಲ್ಟಿಮೋರ್ ಕೂಡ 93 ಗೆದ್ದಿತ್ತು.

ಅಂದ ಮೇಲೆ ‘ತಂಡವನ್ನು ಪ್ಲೇಆಫ್‌ಗೆ ಒಯ್ದವನು’ ಎಂಬ ಮಾತಿನಲ್ಲಿ ಕಬ್ರೆರಾನ ಪಾಲು ಎಷ್ಟು, ಭೂಗೋಳದ ಪಾಲು ಎಷ್ಟು? ಡೆಟ್ರಾಯಿಟ್ ಕ್ಯಾಲಿಫೋರ್ನಿಯಾದಲ್ಲಿದ್ದಿದ್ದರೆ 88 ಗೆದ್ದು ಮೂರನೆಯವರೋ ನಾಲ್ಕನೆಯವರೋ ಆಗಿ ಮನೆ ಸೇರುತ್ತಿದ್ದೆವು. ಈ ಮಾತನ್ನು ಟೈಗರ್ಸ್ ಟೋಪಿ ಹಾಕಿಕೊಂಡೇ ಹೇಳುತ್ತಿದ್ದೇನೆ.

ವಾರ್ ಅಂತ ಎಲ್ಲರೂ ಬಾಯಿಬಡಿದುಕೊಳ್ಳುತ್ತಾರಲ್ಲ, ಏನದು?

ಒಬ್ಬ ಆಟಗಾರ ಇಲ್ಲದೆ ಅವನ ಜಾಗಕ್ಕೆ ಸುಲಭವಾಗಿ, ಅಗ್ಗವಾಗಿ ಸಿಗುವ ಬದಲಿ ಆಟಗಾರನನ್ನು ಇಳಿಸಿದ್ದರೆ ತಂಡ ಎಷ್ಟು ಪಂದ್ಯ ಕಡಿಮೆ ಗೆಲ್ಲುತ್ತಿತ್ತು? ಆ ವ್ಯತ್ಯಾಸವೇ ವಾರ್ (WAR, Wins Above Replacement). ಬದಲಿ ಅಂದರೆ ಸರಾಸರಿ ಆಟಗಾರ ಎಂದು ತಿಳಿಯಬೇಡಿ, ಅದಕ್ಕಿಂತ ಬಹಳ ಕೆಳಗೆ. ಇಡೀ ತಂಡವನ್ನೇ ಅಂಥವರಿಂದ ತುಂಬಿದರೆ 162ರಲ್ಲಿ 48ರ ಸುಮಾರು ಗೆಲ್ಲಬಹುದು ಎಂದು ಲೆಕ್ಕ.

ಲೆಕ್ಕದ ಕ್ರಮ ಸರಳ, ವಿವರ ಕಷ್ಟ. ಬ್ಯಾಟಿನಿಂದ ಎಷ್ಟು ರನ್ ತಂದ, ಓಡಿ ಎಷ್ಟು ರನ್ ಗಳಿಸಿದ, ಫೀಲ್ಡಿನಲ್ಲಿ ಎಷ್ಟು ರನ್ ತಡೆದ, ಎಲ್ಲವನ್ನೂ ಕೂಡಿಸು. ಅವನು ಆಡುವ ಜಾಗ ಕಷ್ಟದ್ದೋ ಸುಲಭದ್ದೋ ನೋಡಿ ಸರಿಪಡಿಸು. ಅವನ ತವರು ಮೈದಾನ ಬ್ಯಾಟರ್‌ಗೆ ಒಲಿಯುವುದೋ ಪಿಚರ್‌ಗೆ ಒಲಿಯುವುದೋ ಅದನ್ನೂ ನೋಡು. ಸುಮಾರು ಹತ್ತು ರನ್‌ಗೆ ಒಂದು ಗೆಲುವು ಎಂದು ಭಾಗಿಸು.

ಹೀಗೆ ಮಾಡಿದಾಗ ಟ್ರೌಟ್‌ನದು ಹತ್ತು ದಾಟುತ್ತದೆ, ಕಬ್ರೆರಾನದು ಏಳರ ಆಸುಪಾಸು. ಬ್ಯಾಟಿಂಗ್ ಒಂದನ್ನೇ ಮೈದಾನದ ಹೊಂದಾಣಿಕೆಯೊಂದಿಗೆ ನೋಡಿದರೆ ಇಬ್ಬರೂ ಹೆಚ್ಚುಕಡಿಮೆ ಸಮ. ಅಂತರವೆಲ್ಲ ಹುಟ್ಟುವುದು ಕಾಲಿನಲ್ಲಿ ಮತ್ತು ಗ್ಲೌಸಿನಲ್ಲಿ.

ವಾರ್ ನಂಬಬಹುದೇ? ಲೆಕ್ಕ ಹಾಕುವವರು ಪಂದ್ಯ ನೋಡುತ್ತಾರೆಯೇ?

ಎರಡನೇ ಪ್ರಶ್ನೆಗೆ ಉತ್ತರ: ನಮಗಿಂತ ಹೆಚ್ಚು ನೋಡುತ್ತಾರೆ.

ಮೊದಲನೆಯದಕ್ಕೆ ಉತ್ತರ: ಬ್ಯಾಟಿಂಗ್ ಭಾಗವನ್ನು ಗಟ್ಟಿಯಾಗಿ ನಂಬಬಹುದು, ಫೀಲ್ಡಿಂಗ್ ಭಾಗವನ್ನು ಒಂದು ಚಿಟಿಕೆ ಉಪ್ಪು ಸೇರಿಸಿ ತೆಗೆದುಕೊಳ್ಳಬೇಕು. ಒಂದೇ ವರ್ಷದ ಫೀಲ್ಡಿಂಗ್ ಅಂಕಿ ಅಲ್ಲಾಡುತ್ತದೆ. ವಾರ್ ಲೆಕ್ಕ ಹಾಕುವವರೂ ಒಬ್ಬರಲ್ಲ, ಒಬ್ಬೊಬ್ಬರ ಸಂಖ್ಯೆ ಬೇರೆ ಬೇರೆ. ಹಾಗಾಗಿ 7.1ಕ್ಕೂ 7.4ಕ್ಕೂ ಜಗಳವಾಡುವುದು ಮೊಸರಲ್ಲಿ ಕಲ್ಲು ಹುಡುಕಿದಂತೆ. ಆದರೆ ಮೂರರ ಅಂತರ ಅಂಥದ್ದಲ್ಲ. ಫೀಲ್ಡಿಂಗ್ ಅಂಕಿಯನ್ನು ಅರ್ಧಕ್ಕೆ ಇಳಿಸಿದರೂ ಟ್ರೌಟ್ ಮುಂದೆಯೇ ಉಳಿಯುತ್ತಾನೆ.

ಅಂಕಿ ಬೇಡ, ಕಣ್ಣಿನ ಸಾಕ್ಷಿ ಬೇಕು ಅನ್ನುವವರು ಅದೇ ವರ್ಷದ ಜೂನ್ 27ರಂದು ಬಾಲ್ಟಿಮೋರ್‌ನಲ್ಲಿ ಜೆ.ಜೆ. ಹಾರ್ಡಿಯ ಹೊಡೆತಕ್ಕೆ ಟ್ರೌಟ್ ಹಿಡಿದ ಕ್ಯಾಚ್ ನೋಡಲಿ. ಬೇಲಿಯತ್ತ ಓಡಿ, ಜಿಗಿದು, ಆಚೆ ಬೀಳಬೇಕಿದ್ದ ಚೆಂಡನ್ನು ಈಚೆ ತಂದ. ಹೋಮ್ ರನ್ ಹೊಡೆದವನಿಗೆ ಅಂಕಿಪಟ್ಟಿಯಲ್ಲಿ ಒಂದು ಸೇರುತ್ತದೆ. ಹೋಮ್ ರನ್ ಕಿತ್ತುಕೊಂಡವನಿಗೆ ಸಿಗುವುದು ‘ಒಂದು ಔಟ್’, ಅಷ್ಟೇ. ತ್ರಿವಳಿ ಕಿರೀಟಕ್ಕೆ ಇಂಥ ಕ್ಯಾಚನ್ನು ಎಣಿಸುವ ಬೆರಳೇ ಇಲ್ಲ.

139 ಆರ್‌ಬಿಐಗೂ ಬೆಲೆ ಇಲ್ಲ ಅನ್ನುತ್ತೀರಾ?

ಬೆಲೆ ಇದೆ. ಆದರೆ ಆ ಬೆಲೆಯನ್ನು ಹಂಚಿಕೊಳ್ಳಬೇಕಾದವರು ಹಲವರಿದ್ದಾರೆ. ಹೋಮ್ ರನ್ ಬಿಟ್ಟರೆ, ಮುಂದಿನವನು ಬೇಸ್ ಮೇಲಿದ್ದರಷ್ಟೇ ಹಿಂದಿನವನಿಗೆ ಆರ್‌ಬಿಐ. ಕಬ್ರೆರಾ ಮೂರನೆಯವನಾಗಿ ಬ್ಯಾಟ್ ಮಾಡುತ್ತಿದ್ದ, ಅವನಿಗಿಂತ ಮೊದಲು ಬರುತ್ತಿದ್ದ ಆಸ್ಟಿನ್ ಜಾಕ್ಸನ್ ಆ ವರ್ಷ ಸರಾಸರಿ .300 ಹೊಡೆದು ಬೇಸ್ ಮೇಲೆ ಕಾದಿರುತ್ತಿದ್ದ. ಟ್ರೌಟ್ ಮೊದಲನೆಯವನಾಗಿ ಇಳಿಯುತ್ತಿದ್ದ. ಪಂದ್ಯದ ಮೊದಲ ಚೆಂಡಿಗೆ ಬೇಸ್ ಮೇಲೆ ಯಾರಿರುತ್ತಾರೆ? ಆಮೇಲಿನ ಸರದಿಗಳಲ್ಲೂ ಅವನ ಮುಂದಿದ್ದವರು ತಂಡದ ದುರ್ಬಲ ಬ್ಯಾಟರ್‌ಗಳಾದ ಎಂಟನೆಯವರು, ಒಂಬತ್ತನೆಯವರು. ಹಾಗಿದ್ದೂ 83 ತಂದ. ಇನ್ನೊಂದು ಕಡೆ ಅವನ 129 ರನ್ನಿಗೂ ಹಿಂದೆ ಬಂದವರ ಹೊಡೆತದ ಋಣವಿದೆ, ಅದನ್ನು ಟ್ರೌಟ್ ಪಕ್ಷದವರು ಹೇಳುವುದಿಲ್ಲ. ರನ್ನಿಗೆ ಇಬ್ಬರು ತಂದೆಯರು, ಕೂಗಾಡುವಾಗ ಒಬ್ಬನ ಹೆಸರು ಮಾತ್ರ ಹೇಳುತ್ತೇವೆ.

ಟ್ರೌಟ್ ಏಪ್ರಿಲ್‌ನಲ್ಲಿ ಆಡಲೇ ಇಲ್ಲವಲ್ಲ? 22 ಪಂದ್ಯ ಕಡಿಮೆ ಆಡಿದವನಿಗೆ ಪ್ರಶಸ್ತಿಯೇ?

ನ್ಯಾಯವಾದ ಪ್ರಶ್ನೆ. ಏಂಜಲ್ಸ್ ಅವನನ್ನು ಕೆಳದರ್ಜೆ ಲೀಗ್‌ನಲ್ಲಿಟ್ಟು ಏಪ್ರಿಲ್ 28ಕ್ಕೆ ಮೇಲೆ ಕರೆಯಿತು. ಆ ಹೊತ್ತಿಗೆ ತಂಡ 6 ಗೆದ್ದು 14 ಸೋತಿತ್ತು. ಹತ್ತು ವರ್ಷಕ್ಕೆ 240 ಮಿಲಿಯನ್ ಡಾಲರ್ ಕೊಟ್ಟು ತಂದ ಆಲ್ಬರ್ಟ್ ಪೂಹೋಲ್ಸ್ ಏಪ್ರಿಲ್ ಮುಗಿದರೂ ಒಂದೂ ಹೋಮ್ ರನ್ ಹೊಡೆದಿರಲಿಲ್ಲ. ಟ್ರೌಟ್ ಬಂದ ಮೇಲೆ ಅದೇ ತಂಡ 83 ಗೆದ್ದು 59 ಸೋತಿತು.

ಇದೆಲ್ಲ ಅವನೊಬ್ಬನಿಂದ ಆಯಿತು ಅನ್ನುವುದು ಪೆದ್ದುತನ, ಪೂಹೋಲ್ಸ್‌ಗೂ ಲಯ ಸಿಕ್ಕಿತ್ತು. ಆದರೆ ಗಮನಿಸಿ: ವಾರ್ ಒಟ್ಟು ಮೊತ್ತ, ಸರಾಸರಿ ಅಲ್ಲ. ಕಬ್ರೆರಾ 161 ಪಂದ್ಯದಲ್ಲಿ ಕೂಡಿಹಾಕಿದ್ದಕ್ಕಿಂತ ಟ್ರೌಟ್ 139ರಲ್ಲಿ ಕೂಡಿಹಾಕಿದ್ದೇ ಹೆಚ್ಚು. ಆಡದ ದಿನಗಳ ದಂಡ ಅದರಲ್ಲಿ ಆಗಲೇ ಕಟ್ಟಿಯಾಗಿದೆ. ಮತ್ತೆ ಕಟ್ಟಿಸಿಕೊಳ್ಳುವುದು ಸರಿಯಲ್ಲ.

ಸೆಪ್ಟೆಂಬರ್ ಗೆಲುವು ಏಪ್ರಿಲ್ ಗೆಲುವಿಗಿಂತ ದೊಡ್ಡದಲ್ಲವೇ?

ಪಟ್ಟಿಯಲ್ಲಿ ಎರಡೂ ಒಂದೇ. ಮೇ ತಿಂಗಳ ಮಂಗಳವಾರ ಅರ್ಧ ಖಾಲಿ ಮೈದಾನದಲ್ಲಿ ಗೆದ್ದ ಪಂದ್ಯವೂ ಒಂದು, ಸೆಪ್ಟೆಂಬರ್ 30ರಂದು ಉಗುರು ಕಚ್ಚುತ್ತಾ ಗೆದ್ದದ್ದೂ ಒಂದು. ಮೇನಲ್ಲಿ ಎರಡು ಹೆಚ್ಚು ಗೆದ್ದಿದ್ದರೆ ಸೆಪ್ಟೆಂಬರ್‌ನಲ್ಲಿ ಉಗುರು ಉಳಿಯುತ್ತಿತ್ತು.

ಹೀಗೆ ಹೇಳಿದಾಗ ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದಳು, ಅವಳಿಗೆ ಬೇಸ್‌ಬಾಲ್ ಅಷ್ಟಕ್ಕಷ್ಟೇ. ‘ಪರೀಕ್ಷೆಗೆ ವರ್ಷವಿಡೀ ಓದಿದವನೂ ಕೊನೇ ವಾರ ಓದಿದವನೂ ಒಂದೇ ಅಂಕ ತೆಗೆದರೆ ಒಂದೇನಾ?’ ಒಂದೇ ಅಂದೆ. ‘ಆದರೆ ಕೊನೇ ವಾರ ಕೈಕಾಲು ನಡುಗುತ್ತಲ್ಲ, ಆಗಲೂ ಓದಲು ಆಗುವುದು ಬೇರೆ ಗುಣ ಅಲ್ಲವಾ?’ ಅಂದಳು. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಒತ್ತಡದಲ್ಲಿ ಬೆಳಗುವುದು ಒಂದು ಸ್ಥಿರ ಗುಣ ಎಂದು ಅಂಕಿಗಳಲ್ಲಿ ತೋರಿಸುವುದು ಬಹಳ ಕಷ್ಟ. ಆದರೆ ಕೇಳುತ್ತಿರುವುದು ಮುಂದಿನ ವರ್ಷದ ಭವಿಷ್ಯವನ್ನಲ್ಲ, ಈ ವರ್ಷ ನಡೆದದ್ದನ್ನು. ಕೈ ನಡುಗುವ ಹೊತ್ತಿನಲ್ಲಿ ಕಬ್ರೆರಾನ ಕೈ ನಡುಗಲಿಲ್ಲ, ಅದು ನಡೆದದ್ದು. ಕಬ್ರೆರಾ ಪಕ್ಷದ ವಾದಗಳಲ್ಲಿ ನನ್ನನ್ನು ನಿಜಕ್ಕೂ ಕಾಡುವುದು ಇದೊಂದೇ.

ಕಬ್ರೆರಾ ಫೀಲ್ಡಿಂಗ್ ಅಷ್ಟು ಕೆಟ್ಟದಿತ್ತೇ?

ಅವನು ಮೊದಲ ಬೇಸ್ ಆಟಗಾರ. ಪ್ರಿನ್ಸ್ ಫೀಲ್ಡರ್ ಬಂದನಲ್ಲ, ಅವನಿಗೂ ಮೊದಲ ಬೇಸ್ ಬಿಟ್ಟರೆ ಗತಿ ಇಲ್ಲ. ಹಾಗಾಗಿ ಕಬ್ರೆರಾ ತೂಕ ಇಳಿಸಿ, ವರ್ಷಗಳಿಂದ ಬಿಟ್ಟಿದ್ದ ಮೂರನೇ ಬೇಸ್‌ಗೆ ಹೋದ. ಮಾರ್ಚ್‌ನ ಅಭ್ಯಾಸ ಪಂದ್ಯದಲ್ಲೇ ನೆಲದ ಮೇಲೆ ಬಂದ ಚೆಂಡು ಪುಟಿದು ಮುಖಕ್ಕೆ ಬಡಿದು ಕಣ್ಣಿನ ಕೆಳಗಿನ ಮೂಳೆ ಬಿರುಕು ಬಿಟ್ಟಿತು. ಸೀಸನ್‌ನ ಮೊದಲ ದಿನ ಮೈದಾನದಲ್ಲಿದ್ದ! ಆ ವರ್ಷ ಮೂರನೇ ಬೇಸ್‌ನಲ್ಲಿ 13 ತಪ್ಪು ಮಾಡಿದ, ಅಕ್ಕಪಕ್ಕಕ್ಕೆ ಹೋಗುವ ಚೆಂಡಿಗೆ ಕಾಲು ಎಟುಕುತ್ತಿರಲಿಲ್ಲ.

ತಂಡಕ್ಕಾಗಿ ತನ್ನ ಜಾಗ ಬಿಟ್ಟುಕೊಟ್ಟವನಿಗೆ ಅದೇ ಕಾರಣಕ್ಕೆ ಫೀಲ್ಡಿಂಗ್ ಅಂಕಿ ಕಡಿಮೆಯಾಯಿತು ಎಂದು ಡೆಟ್ರಾಯಿಟ್‌ನಲ್ಲಿ ಈಗಲೂ ಹೊಟ್ಟೆಯುರಿ. ಅರ್ಧ ಸರಿ. ಇನ್ನರ್ಧ ಏನೆಂದರೆ, ಮೂರನೇ ಬೇಸ್ ಕಷ್ಟದ ಜಾಗವೆಂದು ವಾರ್ ಅಲ್ಲಿ ಸ್ವಲ್ಪ ಕೂಡಿಸಿಯೂ ಕೊಡುತ್ತದೆ.

ಸಂಬಳದ ಲೆಕ್ಕ ಬರುತ್ತದೆಯೇ?

ಪ್ರಶಸ್ತಿಗೆ ಬರುವುದಿಲ್ಲ. ಆದರೂ ಕೇಳಿದ್ದೀರಿ: ಕಬ್ರೆರಾಗೆ ಆ ವರ್ಷ 21 ಮಿಲಿಯನ್ ಡಾಲರ್. ಟ್ರೌಟ್‌ನಂಥ ಹೊಸಬರಿಗೆ ಆಗ ಸಿಗುತ್ತಿದ್ದ ಕನಿಷ್ಠ ಸಂಬಳ 480 ಸಾವಿರ ಡಾಲರ್. ತಂಡದ ಮಾಲೀಕನ ಜೇಬಿನಿಂದ ನೋಡಿದರೆ ಮೌಲ್ಯ ಯಾರದು ಎಂದು ಕೇಳುವುದೇ ಬೇಡ.

ಎಂವಿಪಿ ಯಾರು ಕೊಡುತ್ತಾರೆ? ‘ಮೌಲ್ಯ’ಕ್ಕೆ ವ್ಯಾಖ್ಯೆ ಇಲ್ಲವೇ?

ಬೇಸ್‌ಬಾಲ್ ಬರಹಗಾರರ ಸಂಘ 1931ರಿಂದ ಕೊಡುತ್ತಿದೆ. ಲೀಗ್‌ನ ಪ್ರತಿ ತಂಡದ ಊರಿನಿಂದ ಇಬ್ಬರು ಪತ್ರಕರ್ತರು. ಆಗ ಅಮೆರಿಕನ್ ಲೀಗ್‌ನಲ್ಲಿ 14 ತಂಡ, ಆದ್ದರಿಂದ 28 ಮತ. ಪ್ರತಿಯೊಬ್ಬರೂ ಹತ್ತು ಹೆಸರು ಬರೆಯುತ್ತಾರೆ, ಮೊದಲ ಸ್ಥಾನಕ್ಕೆ 14 ಅಂಕ, ಎರಡನೆಯದಕ್ಕೆ 9, ಮೂರಕ್ಕೆ 8, ಹೀಗೆ ಇಳಿಯುತ್ತದೆ. ಪ್ಲೇಆಫ್ ಶುರುವಾಗುವ ಮೊದಲೇ ಮತ ಹಾಕಿ ಮುಗಿದಿರುತ್ತದೆ, ಅಲ್ಲಿನ ಆಟ ಇದಕ್ಕೆ ಸೇರುವುದಿಲ್ಲ.

ವ್ಯಾಖ್ಯೆ? ಮತಪತ್ರದಲ್ಲೇ ಬರೆದಿದೆ, ‘ಅತ್ಯಂತ ಮೌಲ್ಯಯುತ’ ಎಂದರೇನು ಎನ್ನುವುದಕ್ಕೆ ಸ್ಪಷ್ಟ ವ್ಯಾಖ್ಯೆ ಇಲ್ಲ, ಮತದಾರರೇ ತೀರ್ಮಾನಿಸಬೇಕು ಎಂದು. ಗೆದ್ದ ತಂಡದವನೇ ಆಗಬೇಕಿಲ್ಲ ಎಂದೂ ಇದೆ. ಬ್ಯಾಟಿಂಗ್ ಜತೆ ಫೀಲ್ಡಿಂಗನ್ನೂ, ಆಡಿದ ಪಂದ್ಯಗಳನ್ನೂ ಪರಿಗಣಿಸಿ ಅನ್ನುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಲು ಇದಕ್ಕಿಂತ ಒಳ್ಳೆಯ ನೊಗ ಬೇಕೇ? ಒಂದು ಕಡೆಯವರು ‘ಯಾರು ಚೆನ್ನಾಗಿ ಆಡಿದರು’ ಎಂಬ ಪ್ರಶ್ನೆಗೆ ಉತ್ತರಿಸುತ್ತಾರೆ, ಇನ್ನೊಂದು ಕಡೆಯವರು ‘ಯಾರ ಆಟದಿಂದ ಏನು ದಕ್ಕಿತು’ ಎಂಬುದಕ್ಕೆ. ಇಬ್ಬರೂ ತಾವು ಒಂದೇ ಪ್ರಶ್ನೆಗೆ ಉತ್ತರಿಸುತ್ತಿದ್ದೇವೆ ಅಂದುಕೊಂಡಿರುತ್ತಾರೆ.

ಮತ ಹೇಗೆ ಬಿತ್ತು?

ಕಬ್ರೆರಾಗೆ 22 ಮೊದಲ ಸ್ಥಾನ, ಟ್ರೌಟ್‌ಗೆ 6. ಅಂಕದಲ್ಲಿ 362ಕ್ಕೆ 281. ಇಷ್ಟು ವರ್ಷದ ಜಗಳಕ್ಕೆ ಹೋಲಿಸಿದರೆ ಮತ ಏಕಪಕ್ಷೀಯ. ಆ ವರ್ಷದ ಶ್ರೇಷ್ಠ ಹೊಸಬ ಪ್ರಶಸ್ತಿ ಮಾತ್ರ ಟ್ರೌಟ್‌ಗೆ ಸರ್ವಾನುಮತದಿಂದ ಬಂತು.

ತ್ರಿವಳಿ ಕಿರೀಟ ಗೆದ್ದರೆ ಎಂವಿಪಿ ಖಚಿತ ಅಲ್ಲವೇ? ಬೇರೆಯವರಿಗೆ ತಪ್ಪಿದ್ದುಂಟೇ?

ತಪ್ಪಿದ್ದುಂಟು, ಚೆನ್ನಾಗಿಯೇ ತಪ್ಪಿದೆ. ಬಾಸ್ಟನ್‌ನ ಟೆಡ್ ವಿಲಿಯಮ್ಸ್ 1942ರಲ್ಲಿ ಕಿರೀಟ ಗೆದ್ದ, ಎಂವಿಪಿ ಹೋದದ್ದು ಯಾಂಕೀಸ್‌ನ ಜೋ ಗಾರ್ಡನ್‌ಗೆ. 1947ರಲ್ಲಿ ಮತ್ತೆ ಗೆದ್ದ, ಆಗ ಜೋ ಡಿಮ್ಯಾಜಿಯೋಗೆ ಒಂದೇ ಒಂದು ಅಂಕದಿಂದ ಸೋತ, 202ಕ್ಕೆ 201. 1934ರಲ್ಲಿ ಲೂ ಗೆರಿಗ್ ಕಿರೀಟ ಗೆದ್ದೂ ಐದನೇ ಸ್ಥಾನಕ್ಕೆ ಇಳಿದ. ಆ ವರ್ಷ ಪ್ರಶಸ್ತಿ ಯಾರಿಗೆ ಗೊತ್ತೇ? ಮಿಕ್ಕಿ ಕಾಕ್ರೇನ್‌ಗೆ, ಡೆಟ್ರಾಯಿಟ್ ಟೈಗರ್ಸ್‌ನ ಕ್ಯಾಚರ್ ಮತ್ತು ಮ್ಯಾನೇಜರ್‌ಗೆ. ತ್ರಿವಳಿ ಕಿರೀಟವೇ ಸರ್ವಸ್ವ ಎಂದು 2012ರಲ್ಲಿ ಕೂಗಿದ ನಮ್ಮೂರಿನವರು ಈ ಇತಿಹಾಸ ಹೇಳುವುದಿಲ್ಲ.

1967ರ ಯಸ್ಟ್ರೆಮ್‌ಸ್ಕಿ ಕಥೆ ಬೇರೆ. ಆ ವರ್ಷ ನಾಲ್ಕು ತಂಡ ಕೊನೆಯವರೆಗೂ ಒಂದರ ಹೆಗಲಿಗೊಂದು ಹೆಗಲು ಕೊಟ್ಟು ಓಡಿದವು, ಟೈಗರ್ಸ್ ಕೂಡ. ಕೊನೆಯ ಎರಡು ಪಂದ್ಯಗಳಲ್ಲಿ ಅವನು ಎಂಟರಲ್ಲಿ ಏಳು ಹಿಟ್ ಹೊಡೆದು ಬಾಸ್ಟನ್‌ಗೆ ಪಟ್ಟ ತಂದ. ಇಪ್ಪತ್ತರಲ್ಲಿ ಹತ್ತೊಂಬತ್ತು ಮತ ಅವನಿಗೆ, ಒಂದು ಮಾತ್ರ ಮಿನೆಸೋಟಾದ ಸೀಸರ್ ತೋವರ್‌ಗೆ. ಕೊನೆಯ ವಾರದ ಓಟ ಮತದಾರರ ಮನಸ್ಸಿನಲ್ಲಿ ಎಷ್ಟು ಆಳಕ್ಕಿಳಿಯುತ್ತದೆ ಎನ್ನುವುದಕ್ಕೆ ಅಂದಿನಿಂದ ಇದೇ ಉದಾಹರಣೆ.

ಸೋತ ತಂಡದವನಿಗೆ ಯಾವಾಗಲಾದರೂ ಕೊಟ್ಟಿದ್ದಾರೆಯೇ?

1987ರಲ್ಲಿ ಕೊನೆಯ ಸ್ಥಾನದ ಶಿಕಾಗೋ ಕಬ್ಸ್‌ನ ಆಂಡ್ರೆ ಡಾಸನ್‌ಗೆ ಕೊಟ್ಟರು, 49 ಹೋಮ್ ರನ್ 137 ಆರ್‌ಬಿಐಗಾಗಿ. ಆಗ ‘ತಂಡ ಗೆಲ್ಲಲಿಲ್ಲವಲ್ಲ’ ಎಂಬ ನಿಯಮ ಎಲ್ಲಿ ಹೋಗಿತ್ತೋ! ದೊಡ್ಡ ದುಂಡು ಅಂಕಿಗಳ ಮುಂದೆ ಎಲ್ಲ ನಿಯಮವೂ ಬಾಗುತ್ತದೆ.

ಆಮೇಲೆ ಮತದಾರರು ಬದಲಾದರೇ?

ನಿಧಾನವಾಗಿ. 2013ರಲ್ಲಿ ಮತ್ತೆ ಅದೇ ಇಬ್ಬರು, ಮತ್ತೆ ಕಬ್ರೆರಾ. 2014ರಲ್ಲಿ ಟ್ರೌಟ್ ಸರ್ವಾನುಮತದಿಂದ ಗೆದ್ದ; ತಮಾಷೆಯೆಂದರೆ ಆ ವರ್ಷ ಅವನ ಸರಾಸರಿ ಇಳಿದಿತ್ತು, ಕದ್ದ ಬೇಸುಗಳೂ ಇಳಿದಿದ್ದವು, ಆರ್‌ಬಿಐ ಏರಿತ್ತು, ತಂಡ ಡಿವಿಷನ್ ಗೆದ್ದಿತ್ತು. 2016ರಲ್ಲಿ ನಿಜವಾದ ಬದಲಾವಣೆ ಕಂಡಿತು. ಏಂಜಲ್ಸ್ 74 ಗೆದ್ದು 88 ಸೋತ ತಂಡ, ಬಾಸ್ಟನ್‌ನ ಮೂಕಿ ಬೆಟ್ಸ್ ಪ್ಲೇಆಫ್ ತಂಡದಲ್ಲಿ ಅಮೋಘವಾಗಿ ಆಡಿದ್ದ, ಆದರೂ ಟ್ರೌಟ್ ಗೆದ್ದ. 2021ರಲ್ಲಿ ಅದೇ ಏಂಜಲ್ಸ್‌ನ ಶೋಹೆ ಓಟಾನಿ ಸೋತ ತಂಡದಿಂದಲೇ ಸರ್ವಾನುಮತ ಪಡೆದ.

ಹಳೆಯ ಜಗಳ ಸತ್ತಿತು ಅಂದುಕೊಂಡರೆ 2025 ಬಂತು. ಸಿಯಾಟಲ್‌ನ ಕ್ಯಾಚರ್ ಕ್ಯಾಲ್ ರಾಲಿ 60 ಹೋಮ್ ರನ್ ಹೊಡೆದು, 2001ರ ನಂತರ ಮೊದಲ ಬಾರಿಗೆ ತಂಡಕ್ಕೆ ಡಿವಿಷನ್ ಪಟ್ಟ ತಂದ. ಯಾಂಕೀಸ್‌ನ ಆರನ್ ಜಡ್ಜ್ ಬ್ಯಾಟಿಂಗ್ ಅಂಕಿಗಳಲ್ಲಿ ಅವನಿಗಿಂತ ಮೇಲಿದ್ದ. ಮೊದಲ ಸ್ಥಾನದ ಮತ 17ಕ್ಕೆ 13, ಅಂಕ 355ಕ್ಕೆ 335. ಜಡ್ಜ್ ಗೆದ್ದ. ಈ ಸಲ ದೊಡ್ಡ ದುಂಡು ಅಂಕಿ, ಸೆಪ್ಟೆಂಬರ್ ಕಥೆ ಎರಡೂ ಇದ್ದವನು ಸೋತ. ಪಕ್ಷಗಳು ಮಾತ್ರ ಅವೇ.

ನಿಮ್ಮ ಕೈಯಲ್ಲಿ ಮತವಿದ್ದಿದ್ದರೆ?

ಟ್ರೌಟ್ ಮೊದಲು, ಕಬ್ರೆರಾ ಎರಡನೆಯದು. 2012ರ ಅಕ್ಟೋಬರ್‌ನಲ್ಲಿ ಕೇಳಿದ್ದರೆ ಕಬ್ರೆರಾ ಅನ್ನುತ್ತಿದ್ದೆ, ಗಂಟಲು ಬಿದ್ದುಹೋಗುವಷ್ಟು ಜೋರಾಗಿ. ಬದಲಾಯಿಸಿದ್ದು ವಾರ್ ಅಲ್ಲ, ಆ 88-89. ತಂಡದ ಗೆಲುವಿನಿಂದಲೇ ಮೌಲ್ಯ ಅಳೆಯುತ್ತೇನೆ ಅಂದವನು ಹೆಚ್ಚು ಗೆದ್ದ ತಂಡದವನನ್ನು ಬಿಟ್ಟು ಕಡಿಮೆ ಗೆದ್ದ ತಂಡದವನಿಗೆ ಹೇಗೆ ಮತ ಹಾಕುವುದು? ಒಂದು ಸಂಜೆ ಈ ಪ್ರಶ್ನೆಯನ್ನು ಗೆಳೆಯನೊಬ್ಬ ಕೇಳಿದ. ಉತ್ತರ ಹೊಳೆಯಲಿಲ್ಲ, ಪಲ್ಯ ಬಡಿಸಿಕೊಂಡೆ.

ಆ ವರ್ಷ ಟೈಗರ್ಸ್ ಕೊನೆಗೆ ಏನಾಯಿತು?

ಫೈನಲ್‌ವರೆಗೆ, ಅಂದರೆ ವರ್ಲ್ಡ್ ಸೀರೀಸ್‌ವರೆಗೆ ಹೋದೆವು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ನಾಲ್ಕಕ್ಕೆ ನಾಲ್ಕೂ ಗೆದ್ದು ಮನೆಗೆ ಕಳಿಸಿತು. ಕೊನೆಯ ಚೆಂಡಿಗೆ ಔಟಾದವನು ಕಬ್ರೆರಾ, ಮೂರನೇ ಸ್ಟ್ರೈಕ್ ನೋಡುತ್ತಾ ನಿಂತ. ಹೆಚ್ಚು ಹೇಳುವುದಿಲ್ಲ.

ಟ್ರೌಟ್ ಇದುವರೆಗೆ ಪ್ಲೇಆಫ್‌ನಲ್ಲಿ ಹೇಗೆ ಆಡಿದ್ದಾನೆ?

ಮೂರೇ ಪಂದ್ಯ, 2014ರಲ್ಲಿ, ಕನ್ಸಾಸ್ ಸಿಟಿ ವಿರುದ್ಧ. ಮೂರೂ ಸೋಲು. ಲೆಕ್ಕಕ್ಕೆ ಬರುವ 12 ಸರದಿಯಲ್ಲಿ ಒಂದು ಹಿಟ್. ಅದು ಹೋಮ್ ರನ್.